ನನ್ನ ಅಜ್ಜಿ ಸೋಬಾನೆ ಹಾಡಿ ಸೇಡು ತೀರಿಸಿಕೊಂಡದ್ದು

ನಾನು ಚಿಕ್ಕವಳಿದ್ದಾಗ, ಎಂದರೆ ಮುಂದಿನ ಹಲ್ಲೆರಡು ಬಿದ್ದು ಹೊಸವು ಇನ್ನೂ ಮೂಡದಿದ್ದ ವರ್ಷ, ನಮ್ಮೂರ ಗೌಡತಿ ನನ್ನ ಅಜ್ಜಿಯನ್ನು ತುಂಬಿದ ಚಪ್ಪರದಿಂದ ಎಬ್ಬಿಸಿ ಕಳಿಸಿದಳು. ಗೌಡತಿ ಎಂದರೆ ಊರ ಗೌಡರ ಹೆಂಡತಿ. ಅವಳು ಸತ್ತು ಎಷ್ಟೋ ಕಾಲವಾಯಿತು. ಆದರೂ ಆ ದಿನ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ತಪ್ಪು ಮಾಡಿದವರನ್ನು ಕ್ಷಮಿಸಬೇಕು ಎಂದು ನಿಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರಂತೆ, ಮಕ್ಕಳೇ. ಹೇಳಿಕೊಡಲಿ, ಒಳ್ಳೆಯದೇ. ನಾನಂತೂ ಕ್ಷಮಿಸಿಲ್ಲ.

ನಮ್ಮದು ಪಿರಿಯಾಪಟ್ಟಣದ ಕಡೆಯ ಊರು. ರಾಗಿ, ಅವರೆ, ಹುರುಳಿ ಬೆಳೆಯುವ ಕೆಂಪು ನೆಲ. ಆಗ ಇನ್ನೂ ಮಹಾರಾಜರ ಕಾಲ. ನನ್ನ ಅಜ್ಜಿ, ಅಪ್ಪನ ತಾಯಿ, ಆ ಊರಿಗೆಲ್ಲ ಬೇಕಾದವಳು. ನಮ್ಮ ಜಗುಲಿಯಲ್ಲಿ ಯಾರಾದರೊಬ್ಬರು ಕೂತು ಅಂಬಲಿ ಕುಡಿಯದೆ ಇದ್ದ ದಿನವೇ ನನಗೆ ನೆನಪಿಲ್ಲ. ಹುಣಸೂರಿನ ಸಂತೆಗೆ ಅವಳ ಜೊತೆ ಹೋದರೆ ಎರಡು ಬೀದಿ ದಾಟುವುದಕ್ಕೆ ಅರ್ಧ ದಿನ ಬೇಕಿತ್ತು. ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ ಮಗಳ ಬಾಣಂತನ, ಎಮ್ಮೆ ಕರು ಹಾಕಿದ್ದು, ಮಾವನ ಮಂಡಿನೋವು, ಎಲ್ಲವನ್ನೂ ವಿಚಾರಿಸಬೇಕು. ಅಲ್ಲಿಂದ ಬಳೆಯ ಮಲಾರ ಹೊತ್ತು ಬರುತ್ತಿದ್ದ ಸಾಬರು ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದರು. ತಾತ ತೀರಿಕೊಂಡ ಮೇಲೆ ಮೊದಲ ಸಲ ಬಂದಾಗ ಅಜ್ಜಿಯ ಬರಿಗೈ ನೋಡಿ ಅವರು ಮಲಾರ ಬಿಚ್ಚಲೇ ಇಲ್ಲ. ಜಗುಲಿಯ ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡರು. ಅಜ್ಜಿಯೇ ಅವರಿಗೆ ಸಮಾಧಾನ ಹೇಳಿ ಉಣ್ಣಿಸಿ ಕಳಿಸಿದಳು.

ಇಷ್ಟೆಲ್ಲಕ್ಕಿಂತ ದೊಡ್ಡದು ಅವಳ ಹಾಡು. ಮದುವೆಯಲ್ಲಿ ಹೆಂಗಸರು ಸೇರಿ ಹೇಳುವ ಶುಭದ ಹಾಡಿಗೆ ಸೋಬಾನೆ ಎನ್ನುತ್ತಾರೆ. ಅರಿಶಿನ ಕುಟ್ಟುವುದಕ್ಕೊಂದು, ಬಳೆ ತೊಡಿಸುವುದಕ್ಕೊಂದು, ಧಾರೆಗೊಂದು, ಹೀಗೆ ಹೆಜ್ಜೆಹೆಜ್ಜೆಗೂ ಒಂದು ಹಾಡು. ಅಜ್ಜಿ ಮೊದಲ ಸೊಲ್ಲು ಎತ್ತಬೇಕು, ಉಳಿದ ಹೆಂಗಸರು ಹಿಂದಿನಿಂದ ಹಿಡಿಯಬೇಕು. ಓದು ಬರಹ ಬಾರದ ಆ ಹೆಂಗಸಿನ ತಲೆಯಲ್ಲಿ ಊರಿನ ಅಷ್ಟೂ ಮದುವೆಯ ಹಾಡುಗಳಿದ್ದವು.

ಗೌಡರ ಮಗಳ ಮದುವೆ ನಿಶ್ಚಯವಾಯಿತು. ಗಂಡು ಕೃಷ್ಣರಾಜನಗರದ ಕಡೆಯ ಗದ್ದೆ ಸೀಮೆಯವನು. ಮದುವೆಯ ಹುಡುಗಿ ನನ್ನ ಅಜ್ಜಿಯ ಕೈಯಲ್ಲೇ ಹುಟ್ಟಿದವಳು. ಗೌಡತಿ ಎರಡು ರಾತ್ರಿ ನೋವು ತಿಂದಾಗ ಪಕ್ಕ ಬಿಟ್ಟು ಕದಲದೆ ಹೆರಿಗೆ ಮಾಡಿಸಿದವಳು ಅಜ್ಜಿಯೇ. ಅದಕ್ಕೇ ಚಪ್ಪರದ ದಿನ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹುರುಪಿನಿಂದ ಕರೆದುಕೊಂಡು ಹೋದಳು. ಹಸಿ ಮಾವಿನ ಸೊಪ್ಪು, ಸಗಣಿ ಸಾರಿಸಿದ ನೆಲ, ಕುಟ್ಟುತ್ತಿದ್ದ ಅರಿಶಿನ, ಎಲ್ಲದರ ವಾಸನೆ ಸೇರಿ ಮೂಗಿಗೆ ಹಬ್ಬ. ಹಾಡುವವರಿಗೆಂದು ಹಾಕಿದ್ದ ಮಣೆಯ ಮೇಲೆ ಅಜ್ಜಿ ಕೂತು ಗಂಟಲು ಸರಿಮಾಡಿಕೊಂಡಳು.

ಗೌಡತಿ ಒಳಗಿನಿಂದ ಬಂದಳು. ಊರಿನ ಹೆಂಗಸರೆಲ್ಲ ನೋಡುತ್ತಿದ್ದರು.

"ಗಂಡ ಸತ್ತೋಳ ಬಾಯಲ್ಲಿ ಸೋಬಾನೆ ಏನು ಚೆಂದ? ಎದ್ದು ಆ ಕೊಟ್ಟಿಗೆ ತಾವ್ ಕೂತ್ಕೋ. ಉಂಡ್ಕೊಂಡು ಹೋಗೀವಂತೆ."

ಅಜ್ಜಿ ಎದ್ದಳು. ಕೊಟ್ಟಿಗೆಯ ಕಡೆ ಹೋಗಲಿಲ್ಲ. ನನ್ನ ಕೈ ಹಿಡಿದು ಸೀದಾ ಮನೆಯ ದಾರಿ ಹಿಡಿದಳು. ನನಗೆ ಅಳು, ಕೋಪ ಎರಡೂ ಒಟ್ಟಿಗೆ ಬಂದವು. ಗೌಡತಿಯ ಕರುಗಳನ್ನೆಲ್ಲ ಬಿಚ್ಚಿ ಬಿಟ್ಟು, ಮದುವೆಗೆ ಒಂದು ತೊಟ್ಟೂ ಹಾಲು ಸಿಗದ ಹಾಗೆ ಕುಡಿಸಿಬಿಡುತ್ತೇನೆ ಎಂದೆ.

"ಬ್ಯಾಡ ಕಣವ್ವ. ಕದ್ದು ಮುಚ್ಚಿ ಮಾಡೋದು ನಮಗ್ಯಾಕೆ? ಅವ್ಳು ಚಪ್ಪರದಾಗೆ ಅಂದವ್ಳೆ. ನಾನೂ ಚಪ್ಪರದಾಗೇ ತೀರಿಸ್ಕತೀನಿ."

ವಿಷಯ ತಿಳಿದು ಅಪ್ಪ ಹೆದರಿದ. "ಗೌಡ್ರನ್ನ ಎದುರು ಹಾಕ್ಕೊಂಡು ಈ ಊರಲ್ಲಿ ಬಾಳಕ್ಕಾಯ್ತದಾ ಅವ್ವ? ಬುಡು ಅತ್ಲಾಗೆ" ಎಂದ. ಅಜ್ಜಿ ಎಲೆಯಡಿಕೆಯ ಬುಟ್ಟಿ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು, ಸೊಲ್ಲು ಹಿಡಿಯುವ ಹೆಂಗಸರ ಮನೆಮನೆಗೆ ಹೋದಳು. ಎಲ್ಲರೂ ಚಪ್ಪರದ ಊಟ ಮುಗಿಸಿ ಮನೆಗೆ ಬಂದಿದ್ದ ಹೊತ್ತು. ಗೌಡತಿಯನ್ನು ಬೈಯಲಿಲ್ಲ, ಅಳಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಹಿಡಿ ಎಲೆ, ಅಡಿಕೆ ಕೊಟ್ಟು, "ಸಂಜೆ ಬೀಗರು ಬರೋ ಹೊತ್ಗೆ ಬಾಯ್ತುಂಬ ಹಾಕ್ಕೊಳ್ರವ್ವ" ಎಂದಳು, ಅಷ್ಟೇ. ಅವರು ಅಜ್ಜಿಯ ಮುಖ ನೋಡಿದರು, ಎಲೆ ಸೆರಗಿಗೆ ಕಟ್ಟಿಕೊಂಡರು. ಯಾರೂ ಯಾಕೆ ಎಂದು ಕೇಳಲಿಲ್ಲ.

ಹೊತ್ತು ಇಳಿಯುವಾಗ ಬೀಗರ ಗಾಡಿಗಳು ಬಂದವು. ನಮ್ಮ ಕಡೆ ಒಂದು ಕಟ್ಟಳೆ ಇತ್ತು. ಗಂಡಿನ ಕಡೆಯ ಹೆಂಗಸರು ಚಪ್ಪರದ ಬಾಗಿಲಲ್ಲಿ ನಿಂತು ಹೆಣ್ಣಿನ ಊರನ್ನು ಹಾಡಿನಲ್ಲಿ ಹಂಗಿಸಬೇಕು, ಹೆಣ್ಣಿನ ಕಡೆಯವರು ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಹಾಡಿನಲ್ಲಿ ಏನೇ ಅಂದರೂ ಯಾರೂ ಮುನಿಸಿಕೊಳ್ಳುವ ಹಾಗಿಲ್ಲ. ಉತ್ತರದ ಹಾಡು ಬರುವವರೆಗೆ ಬೀಗರು ಒಳಗೆ ಕಾಲಿಡುವುದಿಲ್ಲ. ಅಜ್ಜಿಯನ್ನು ಎಬ್ಬಿಸುವ ಆತುರದಲ್ಲಿ ಗೌಡತಿ ಇದನ್ನು ಮರೆತೇಬಿಟ್ಟಿದ್ದಳು. ಗದ್ದೆ ಸೀಮೆಯ ಹೆಂಗಸರು ಶುರುಮಾಡಿದರು:

ರಾಗಿ ತಿನ್ನೋ ಊರೀಗೆ ಬೀಗರು ಬಂದೀವಿ
ಕೂಗಿದರೆ ಯಾರೂ ಓಗೊಡರು, ಈ ಊರ
ಕೋಗಿಲೆಯ ಕಾಗೆ ಕದ್ದೋಯ್ತೋ?

ನಾನು ಚಪ್ಪರದ ಪಕ್ಕದ ಹುಲ್ಲು ಮೆದೆ ಹತ್ತಿ ನೋಡುತ್ತಿದ್ದೆ. ನಮ್ಮವರು ಒಬ್ಬರೂ ಬಾಯಿ ಬಿಡಲಿಲ್ಲ. "ಹಾಡ್ರೇ, ಹಾಡ್ರೇ" ಎಂದು ಗೌಡತಿ ಒಬ್ಬೊಬ್ಬರ ತೋಳು ಹಿಡಿದು ಅಲ್ಲಾಡಿಸಿದಳು. ಅವರು ಉಬ್ಬಿದ ಕೆನ್ನೆ ತೋರಿಸಿ, ಬಾಯಲ್ಲಿ ಎಲೆಯಡಿಕೆ ಇದೆ ಎಂದು ಕೈಸನ್ನೆ ಮಾಡಿದರು. ಬೀಗಿತ್ತಿಯರು ಅದೇ ಹಾಡನ್ನು ಮತ್ತೆ ಹೇಳಿದರು, ಈ ಸಲ ನಗುತ್ತ. ಗಾಡಿ ಎತ್ತುಗಳು ಕೊರಳಾಡಿಸುತ್ತ ನಿಂತೇ ಇದ್ದವು. ಗೌಡರ ಮುಖ ಇಷ್ಟಾಯಿತು. ಅಯ್ಯೋ, ಆಗ ನನಗಾದ ಸಂತೋಷ ಏನು ಹೇಳಲಿ!

ಗೌಡತಿ ಮೊದಲು ಆಳನ್ನು ಅಟ್ಟಿದಳು. ನಾನು ಅವನಿಗಿಂತ ಮುಂಚೆ ಓಡಿಹೋಗಿ ಮನೆ ಸೇರಿದೆ. ಅಜ್ಜಿ ಜಗುಲಿಯ ಮೇಲೆ ಅವರೆಕಾಳು ಸುಲಿಯುತ್ತಿದ್ದಳು. "ಗಂಡ ಸತ್ತೋಳು ಅಲ್ಲಿಗ್ಯಾಕಪ್ಪ?" ಎಂದು ಅವನನ್ನು ವಾಪಸ್ಸು ಕಳಿಸಿದಳು. ಕೊನೆಗೆ ಗೌಡತಿಯೇ ಬಂದಳು. ಪಟ್ಟೆ ಸೀರೆಯ ಅಂಚೆಲ್ಲ ಧೂಳು, ಹಣೆಯ ಕುಂಕುಮ ಬೆವರಿನಲ್ಲಿ ಇಳಿದಿತ್ತು.

"ತಪ್ಪಾಯ್ತು ಬಾ ಅವ್ವ. ಮಗಳು ಒಳಗೆ ಅಳ್ತಾ ಕೂತವ್ಳೆ."

ಮಗಳು ಅಳುತ್ತಾಳೆ ಎಂದ ಕೂಡಲೇ ಅಜ್ಜಿಯ ಕೈ ನಿಂತಿತು. ಕರಗಿಬಿಡುತ್ತಾಳೆ ಎಂದು ನನಗೆ ದಿಗಿಲಾಯಿತು. ಕರಗಲಿಲ್ಲ.

"ಮಗೀನ ಮದುವೆ ಕೆಡಿಸಕ್ಕಿಲ್ಲ ಕಣವ್ವ, ಅದು ನನ್ನ ಕೈಲಿ ಹುಟ್ಟಿದ್ದು. ಆದ್ರೆ ಜಗುಲಿ ಮೇಲೆ ತಪ್ಪಾಯ್ತು ಅಂದ್ರೆ ಆಗಕ್ಕಿಲ್ಲ. ಎಲ್ಲಿ ಅಂದಿದ್ದೆ, ಅಲ್ಲೇ ಬಂದು ಅನ್ನು. ಕೈ ಹಿಡ್ಕೊಂಡು ಕರ್ಕೊಂಡೋಗು, ನೋಡುವ."

ಬೆಳಿಗ್ಗೆ ಯಾರ ನೆರಳೂ ಬೇಡವಾಗಿತ್ತೋ ಅವಳ ಕೈಯನ್ನು ಗೌಡತಿ ಹಿಡಿದಳು. ಊರ ನಡುವಿನ ಬೀದಿಯಲ್ಲಿ ಹಾಗೇ ನಡೆದರು. ನಾನು ಅವರ ಮುಂದೆ ಮುಂದೆ ಕುಣಿಯುತ್ತ, ಮನೆಮನೆಯವರೆಲ್ಲ ಹೊರಗೆ ಬಂದು ನೋಡುವ ಹಾಗೆ ಕೂಗುತ್ತ ಹೋದೆ. ಚಪ್ಪರದಲ್ಲಿ, ಬೀಗರೆಲ್ಲರ ಎದುರಿಗೆ, ಗೌಡತಿ ತಪ್ಪಾಯ್ತು ಎಂದಳು. ಸಣ್ಣ ದನಿಯಲ್ಲಿ ಅಂದಳು. "ಕೇಳಿಸ್ನಿಲ್ಲ" ಎಂದಳು ಅಜ್ಜಿ. ಗೌಡತಿ ಇನ್ನೊಂದು ಸಲ ಅಂದಳು.

ಅಜ್ಜಿ ಅದೇ ಮಣೆಯ ಮೇಲೆ ಕೂತಳು. ನಮ್ಮ ಹೆಂಗಸರು ಹಿತ್ತಿಲಿಗೆ ಓಡಿ ಎಲೆಯಡಿಕೆ ಉಗಿದು ಬಂದರು. ಆಮೇಲೆ ಎದ್ದಿತು ನೋಡಿ ಅವಳ ದನಿ:

ಗದ್ದೆಯ ಬೀಗರು ಎದ್ದುಬಿದ್ದು ಬಂದಾರೆ
ಮುದ್ದೆಯ ಕಂಡು ಬೆದರ್ಯಾರೆ, ಇವರೀಗೆ
ಹದ್ದಿನ ಹಸಿವು, ಹಲ್ಲಿಲ್ಲ!

ಚಪ್ಪರ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಬೀಗರ ಕಡೆಯ ಮುದುಕರೂ ನಕ್ಕರು. ಗೌಡತಿಯೂ ಉಸಿರು ಬಿಟ್ಟು ನಕ್ಕಳು, ಎಲ್ಲ ಮುಗಿಯಿತು ಎಂದುಕೊಂಡು. ಅಜ್ಜಿ ಅವಳ ಕಡೆ ತಿರುಗಿ ಎರಡನೆಯದನ್ನು ಎತ್ತಿದಳು:

ಹಟ್ಟಿಯ ಗೌಡತಿ ಪಟ್ಟೆಯ ಸೀರೆ ಉಟ್ಟು
ಕೊಟ್ಟ ಮಣೆಯ ಕಸಕೊಂಡ್ಳು, ಸಂಜೀಗೆ
ಕೊಟ್ಟಾಳೆ ಬೆವರ ಒರೆಸೂತ!

ಹಾಡಿನಲ್ಲಿ ಅಂದದ್ದಕ್ಕೆ ಮುನಿಯುವ ಹಾಗಿಲ್ಲವಲ್ಲ! ಗೌಡತಿ ನಗುಮುಖ ಮಾಡಿಕೊಂಡೇ ನಿಲ್ಲಬೇಕಾಯಿತು. ಬೀಗಿತ್ತಿಯರಿಗೆ ಆ ಹಾಡು ಎಷ್ಟು ಹಿಡಿಸಿತೆಂದರೆ, ಕಲಿತುಕೊಂಡು ತಮ್ಮ ಸೀಮೆಗೇ ಒಯ್ದರು. ಗೌಡತಿ ಮಗಳನ್ನು ನೋಡಲು ಹೋದಾಗಲೆಲ್ಲ ಅಲ್ಲಿನ ಮಕ್ಕಳು ಅದನ್ನು ಹಾಡುತ್ತಿದ್ದರಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಅಜ್ಜಿ ಮಾತ್ರ ಆ ರಾತ್ರಿ ಮದುವೆಯ ಹುಡುಗಿಯ ಕೆನ್ನೆ ಸವರಿ, ಅವಳಿಗೆ ಹೊಟ್ಟೆತುಂಬ ಉಣ್ಣಿಸಿಯೇ ಮನೆಗೆ ಬಂದಳು. ಮುಂದೆ ಅವಳು ಬದುಕಿರುವವರೆಗೂ ನಮ್ಮೂರ ಯಾವ ಮದುವೆಯೂ ಅವಳ ಸೊಲ್ಲಿಲ್ಲದೆ ನಡೆಯಲಿಲ್ಲ. ಅವಳು ತೀರಿಕೊಂಡ ದಿನ ಅಡಿಯಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು. ಗೌಡತಿಯೂ ಬಂದು ಅತ್ತಳು. ನಾನು ಅವಳಿಗೆ ಕೂರಲು ಚಾಪೆ ಹಾಕಲಿಲ್ಲ.

ನಿಮ್ಮ ಕಾಲದ ಮದುವೆಗೆ ಹಾಡುವವರು ಬೇಕಿಲ್ಲ ಮಕ್ಕಳೇ. ಗುಂಡಿ ಒತ್ತಿದರೆ ಪೆಟ್ಟಿಗೆಯೇ ಹಾಡುತ್ತದೆ. ನನ್ನಂಥವಳು ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತೂ ಆಗುವುದಿಲ್ಲ. ಮೊನ್ನೆ ನಿಮ್ಮ ಅಕ್ಕನ ಮದುವೆಯಲ್ಲಿ, ಅಷ್ಟು ದೊಡ್ಡ ಛತ್ರದಲ್ಲಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದೆನಲ್ಲ, ಬೀಗರ ಕಡೆಯ ಒಬ್ಬಾಕೆ ಆರತಿ ತಟ್ಟೆ ಹಿಡಿದು ಬಂದಳು. "ಮುತ್ತೈದೆಯರು ಆರತಿ ಎತ್ತಬೇಕು, ನೀವು ಸ್ವಲ್ಪ ಹಿಂದೆ ಹೋಗಿ ಕೂತ್ಕೊಳ್ಳಿ ಅಜ್ಜಿ" ಎಂದು ನಗುನಗುತ್ತ ಹೇಳಿದಳು. ನಾನು ಕದಲಲಿಲ್ಲ. ಆಕೆ ಎರಡು ಸಲ ಹೇಳಿದಳು, ಮೂರು ಸಲ ಹೇಳಿದಳು, ಕೊನೆಗೆ ನನ್ನನ್ನು ಸುತ್ತುಹಾಕಿಕೊಂಡೇ ಹೋಗಿ ಆರತಿ ಎತ್ತಿದರು. ಮನೆಗೆ ಬಂದ ಮೇಲೆ ನೀವೆಲ್ಲ ಸುತ್ತ ಕೂತು, ಪಾಪ ಅಜ್ಜಿಗೆ ಕಿವಿ ಕೇಳಿಸಲಿಲ್ಲ ಎಂದು ಮಾತಾಡಿಕೊಂಡಿರಿ.

ಚೆನ್ನಾಗಿ ಕೇಳಿಸಿತು. ಅದಕ್ಕೇ ಏಳಲಿಲ್ಲ.