ಕುರಿ ಸಾಲದಲ್ಲಿ ಕಲಿತವಳು

ನನಗೆ ಹರಪನಹಳ್ಳಿಯಲ್ಲಿ ಟಿ.ಸಿ.ಎಚ್. ಸೀಟು ಸಿಕ್ಕ ವರ್ಷ ಅವ್ವ ನನ್ನನ್ನು ಕೂಡ್ಲಿಗಿಯ ಬ್ಯಾಂಕಿಗೆ ಕರೆದುಕೊಂಡು ಹೋದಳು. ಟೀಚರಾಗುವ ಓದು ಅದು. ಫೀಸು, ಹಾಸ್ಟೆಲ್ಲಿನ ಹಣ ಕಟ್ಟದಿದ್ದರೆ ಸೀಟು ಹೋಗುತ್ತಿತ್ತು, ನಾನು ಗುಡೇಕೋಟೆಯಲ್ಲಿ ಅವ್ವನ ಜೊತೆ ಕಳೆ ಕೀಳಲು ಹೋಗಬೇಕಿತ್ತು. ಬಡವರಿಗೆ ಸಾಲ ಕೊಡುತ್ತೇವೆಂದು ಸರಕಾರ ಡಂಗುರ ಸಾರುತ್ತಿದ್ದ ಕಾಲ.

ಸಾಲ ಕೊಡುವ ಸಾಹೇಬ ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಮಾತಾಡಿದ. ಅವನ ಮಗ ದಾವಣಗೆರೆಯಲ್ಲಿ ಡೊನೇಷನ್ ಕಟ್ಟಿ ಇಂಜಿನಿಯರಿಂಗ್ ಓದುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅವನೇ ಹೇಳಿಕೊಂಡು ತಿರುಗುತ್ತಿದ್ದ.

“ಓದಾಕ ಸಾಲ ಇಲ್ಲಬೇ. ನಾಳೆ ನೀ ಕಟ್ಟಲಿಲ್ಲ ಅಂದ್ರ ನಾನೇನು ಜಪ್ತಿ ಮಾಡ್ಲಿ? ಕುರಿಗಾದ್ರ ಐತಿ ನೋಡು.”

ಕುರಿಯ ಮೇಲಿದ್ದ ನಂಬಿಕೆ ನನ್ನ ಮೇಲಿರಲಿಲ್ಲ. ಅವ್ವ ಕುರಿ ಸಾಲಕ್ಕೇ ಹೆಬ್ಬೆಟ್ಟು ಒತ್ತಿದಳು. ಸಾಹೇಬ ತನ್ನ ಪಾಲು ಮುರಿದುಕೊಂಡೇ ಹಣ ಕೊಟ್ಟ. ಐದು ಕುರಿ ಕೊಂಡೆವು, ಅವುಗಳ ಕಿವಿಗೆ ಬ್ಯಾಂಕಿನ ಬಿಲ್ಲೆ ಹೊಡೆದರು. ಮುಂದಿನ ಸಂತೆಯಲ್ಲೇ ಅವ್ವ ಅವನ್ನು ಮಾರಿ ನನ್ನ ಫೀಸು ಕಟ್ಟಿದಳು. ಸಾಲದ ಕಂತನ್ನು ಕೂಲಿ ಮಾಡಿ ತಪ್ಪದೆ ತುಂಬುತ್ತಿದ್ದಳು.

ನಾನು ರಜೆಗೆ ಬಂದಿದ್ದಾಗ ಸಾಹೇಬ ಕುರಿ ತಪಾಸಣೆಗೆ ಬಂದ. ನಮ್ಮ ಓಣಿಯವರು ಇಂಥದ್ದರಲ್ಲಿ ಪಳಗಿದ್ದರು. ಅವನ ಮೋಟಾರ್ ಸೈಕಲ್ಲಿನ ಸದ್ದು ಕೇಳಿದ್ದೇ ಪಕ್ಕದ ಮನೆಯವರು ತಮ್ಮ ಕುರಿಗಳನ್ನು ನಮ್ಮ ಅಂಗಳಕ್ಕೆ ಹೊಡೆದರು. ಆದರೆ ಈ ಮಹಾನುಭಾವ ಒಂದೊಂದರ ಕಿವಿ ಹಿಡಿದು ತಿರುವಿ ನೋಡಿದ. ಬಿಲ್ಲೆ ಎಲ್ಲಿಂದ ಬರಬೇಕು?

“ಸರಕಾರಕ್ಕ ಮೋಸ ಮಾಡ್ತೀಯೇನಬೇ? ಸಾಲ ಪೂರಾ ಈಗ ಕಟ್ಟು. ಇಲ್ಲಾಂದ್ರ ಪೊಲೀಸ್ರನ್ನ ಕರೀತೀನಿ.”

ಪಾಲು ತಿಂದ ಬಾಯಲ್ಲೇ ಈ ಮಾತು! ನನಗೆ ಮೈ ಉರಿಯಿತು. ಹೆದರಿಕೆಯೂ ಆಯಿತು, ನನ್ನ ಓದು ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ಅವ್ವ ನನ್ನ ರಟ್ಟೆ ಹಿಡಿದು ಅವನ ಮುಂದೆ ತಂದು ನಿಲ್ಲಿಸಿದಳು.

“ಆ ಕುರಿ ಬ್ಯಾರೇರವು, ಬಿಡ್ರಿ. ನಿಮ್ಮ ಕುರಿ ಇಕಿ. ಜಪ್ತಿ ಮಾಡಂಗಿದ್ರ ಕರ್ಕೊಂಡು ನಡೀರಿ. ನಾನೂ ಬರ್ತೀನಿ. ನೀವು ಮುರ್ಕೊಂಡ ರೊಕ್ಕದ ಸುದ್ದೀನೂ ನಿಮ್ಮ ಮ್ಯಾನೇಜರ್ರಿಗೆ ಹೇಳಾದೈತಿ.”

ಓಣಿಯವರೆಲ್ಲ ನಕ್ಕರು. ಸಾಹೇಬನ ಮುಖ ಹುಳ್ಳಗಾಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೋ ಬರೆದುಕೊಂಡು, ಗಾಡಿ ಹತ್ತಿ ಹೋದ.

ಮುಂದಿನ ಕಂತು ಕಟ್ಟಲು ಹೋದಾಗ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ನಮ್ಮ ಸಾಲದ ಕಡತದಲ್ಲಿ ಅವನು ಬರೆದದ್ದನ್ನು ನಾನೇ ಓದಿದೆ: ‘ಐದೂ ಕುರಿ ಆರೋಗ್ಯವಾಗಿವೆ. ಚೆನ್ನಾಗಿ ಮೇಯುತ್ತಿವೆ.’

ಹಾಸ್ಟೆಲ್ಲಿನ ನೀರು ಸಾರು ಉಂಡು ಅಷ್ಟೊತ್ತಿಗೆ ನನ್ನ ಪಕ್ಕೆಲುಬು ಎಣಿಸುವಂತಾಗಿತ್ತು.