ಎದುರುಮನೆಯವರನ್ನು ಮಹಡಿಗೆ ಕರೆದ ದಿನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಮ್ಮ ಯಜಮಾನರು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾರೆ. ಇರಲಿ ಬಿಡಿ. ಅಷ್ಟು ವರ್ಷ ಸ್ಕೂಲಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೊನೆಗೆ ಹೆಡ್ ಮಿಸ್ ಆಗಿ ರಿಟೈರ್ ಆದವಳು ನಾನು. ಹೇಳಿದ್ದು ಹೇಳಿದ ಹಾಗೆ ಆಗಬೇಕು ಅನ್ನೋದು ಮೈಗೆ ಹತ್ತಿಬಿಟ್ಟಿದೆ. ಅದಕ್ಕೇ ನಮ್ಮ ರಸ್ತೆಯವರು ಮಳೆಗಾಲದ ಪ್ಲಾನ್ ಮಾಡುವ ಕೆಲಸವನ್ನು ನನ್ನ ತಲೆಗೇ ಕಟ್ಟಿದರು.

ನಮ್ಮದು ಜೆ.ಪಿ. ನಗರದಲ್ಲಿ ಸಾರಕ್ಕಿ ಕೆರೆಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆ. ಸಮುದ್ರ ನೋಡಬೇಕಂದ್ರೆ ರಾತ್ರಿ ಬಸ್ಸು ಹತ್ತಬೇಕಾದ ಊರಿಗೆ ಚಂಡಮಾರುತದ ಗೊಡವೆ ಯಾಕೆ ಅಂತ ಮೊದಲು ನಗುತ್ತಿದ್ದೆವು. ಅದು ಬಂಗಾಳ ಕೊಲ್ಲಿಯಲ್ಲಿ ಎದ್ದರೆ ಮದರಾಸಿಗೆ ಗಾಳಿ, ನಮಗೆ ಬಿಡದೆ ಸುರಿಯುವ ಮಳೆ. ಎರಡು ಸಲ ರಸ್ತೆ ತುಂಬಿ, ಕೆಳಮನೆಗಳಲ್ಲಿ ದಿವಾನ್ ತೇಲಿ, ಫ್ರಿಜ್ಜು ಮಗುಚಿದ ಮೇಲೆ ನಗು ನಿಂತಿತು.

ನನ್ನ ಪ್ಲಾನ್ ತುಂಬಾ ಸರಳವಾಗಿತ್ತು. ಒಂದು ಕೆಳಮನೆಗೆ ಒಂದು ಮೇಲ್ಮನೆ. ನೀರು ರಸ್ತೆಯ ಮೂಲೆಯ ಕಲ್ಲುಬೆಂಚು ಮುಟ್ಟಿದ ಕೂಡಲೇ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಮೆಸೇಜ್ ಬರುತ್ತೆ. ಬಂದ ಹತ್ತು ನಿಮಿಷದಲ್ಲಿ ಕೆಳಗಿನವರು ತಮಗೆ ಗೊತ್ತುಮಾಡಿದ ಮಹಡಿ ಮನೆಗೆ ಹೋಗಬೇಕು. ಒಂದು ಬ್ಯಾಗಿನಲ್ಲಿ ಮಾತ್ರೆ, ಆಧಾರ್ ಕಾರ್ಡು, ಟಾರ್ಚು, ಒಂದು ಜೊತೆ ಬಟ್ಟೆ, ಚಾರ್ಜರ್. ಎಲ್ಲರಿಗೂ ಪ್ರಿಂಟ್ ಹಾಕಿಸಿ ಗೇಟಿಗೆ ಸಿಕ್ಕಿಸಿ ಬಂದೆ. ಸಖತ್ತಾಗಿದೆ ಆಂಟಿ ಅಂತ ಎಲ್ಲರೂ ಹೆಬ್ಬೆರಳು ಎತ್ತಿದರು.

ಎದುರುಮನೆಯವರಿಗೆ ನಮ್ಮ ಮನೆಯನ್ನೇ ಬರೆದಿದ್ದೆ. ಬೇರೆ ದಾರಿ ಇರಲಿಲ್ಲ. ಎದುರುಮನೆ ಯಜಮಾನರಿಗೆ ಶ್ವಾಸಕೋಶದ ಕಾಯಿಲೆ. ಹಗಲೂ ರಾತ್ರಿ ಆಕ್ಸಿಜನ್ ಮಿಷಿನ್ ಬೇಕು. ಅದು ಓಡೋದಕ್ಕೆ ಕರೆಂಟ್ ಬೇಕು. ನೀರು ನುಗ್ಗಿದರೆ ಕರೆಂಟ್ ತೆಗೆಯುತ್ತಾರೆ, ಅವರ ಯುಪಿಎಸ್ ಇರೋದು ನೆಲದ ಮೇಲೆ. ನಮ್ಮದು ಮೊದಲ ಮಹಡಿಯಲ್ಲಿ, ದೊಡ್ಡ ಬ್ಯಾಟರಿ. ಅವರ ಮನೆಯಲ್ಲಿ ಒಂದು ಸಣ್ಣ ಸಿಲಿಂಡರ್ ಇದೆ, ಆದರೆ ಅದು ಬರೋದು ಒಂದೆರಡು ಗಂಟೆ ಅಷ್ಟೇ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಈಗಲೂ ನೆನೆಸಿಕೊಂಡು ಹೊಟ್ಟೆ ಉರಿದುಕೊಳ್ಳೋದು.

ಯಾಕಂದ್ರೆ ಆಗ ನನಗೂ ಅವರಿಗೂ ಮಾತಿರಲಿಲ್ಲ.

ಹಿಂದಿನ ವರ್ಷ ಅವರ ಮಗಳ ಸೀಮಂತ. ಎದುರುಬದುರು ಮನೆ, ಇಪ್ಪತ್ತು ವರ್ಷದ ಒಡನಾಟ, ಆ ಹುಡುಗಿಗೆ ಮಗ್ಗಿ ಹೇಳಿಕೊಟ್ಟವಳು ನಾನು. ಎದುರುಮನೆಯಾಕೆ ರಸ್ತೆ ದಾಟಿ ಬಂದು ಕುಂಕುಮ ಇಟ್ಟು ಕರೀಬೇಕೋ ಬೇಡವೋ? ಗ್ರೂಪಿನಲ್ಲಿ ಒಂದು ಹೂವಿನ ಚಿತ್ರದ ಕಾರ್ಡ್ ಹಾಕಿ, 'ಎಲ್ಲರೂ ಬನ್ನಿ' ಅಂತ ಬರೆದು ಸುಮ್ಮನಾದರು. ನಾನು ಹೋಗಲಿಲ್ಲ. ಯಜಮಾನರೊಬ್ಬರೇ ಹೋಗಿ ಹೋಳಿಗೆ ಊಟ ಮಾಡಿ ಬಂದು, "ಯಾಕೆ ಬರಲಿಲ್ಲ ಅಂತ ಕೇಳಿದ್ರು ಕಣೇ" ಅಂದರು.

"ಅದು ಎಲ್ರಿಗೂ ಹಾಕಿದ್ದು. ನನ್ನನ್ನ ಯಾರೂ ಕರೀಲಿಲ್ಲ," ಅಂದೆ. ಅಷ್ಟಕ್ಕೇ ಬಿಡದೆ, ಗೇಟಿನ ಹತ್ತಿರ ತರಕಾರಿ ಗಾಡಿಯವನ ಮುಂದೆಯೂ ಅದನ್ನೇ ಗಟ್ಟಿಯಾಗಿ ಹೇಳಿದೆ. ಎದುರುಮನೆಗೆ ಕೇಳಿಸಲಿ ಅಂತಲೇ ಹೇಳಿದ್ದು. ಅವರ ಗಂಡ ಆಸ್ಪತ್ರೆಯಿಂದ ಬಂದು ಎರಡು ವಾರವೂ ಆಗಿರಲಿಲ್ಲ, ಆಕೆಗೆ ಮನೆ ಮನೆ ತಿರುಗೋಕೆ ಪುರುಸೊತ್ತು ಎಲ್ಲಿತ್ತು ಅನ್ನೋದು ಆಗ ನನ್ನ ತಲೆಗೆ ಹೋಗಲಿಲ್ಲ.

ಆ ಸಲದ ಚಂಡಮಾರುತ ಬರುವ ಸುದ್ದಿ ಟಿವಿಯಲ್ಲಿ ಹಿಂದಿನ ದಿನವೇ ಬಂತು. ಬೆಳಗ್ಗೆ ಎದ್ದಾಗಿನಿಂದ ನನಗೆ ಕೂತರೆ ನಿಂತರೆ ಸಮಾಧಾನವಿಲ್ಲ. ಇಬ್ಬರು ಜಾಸ್ತಿ ಬರ್ತಾರೆ ಅಂತ ಫಿಲ್ಟರಿನ ತುಂಬಾ ಡಿಕಾಕ್ಷನ್ ಹಾಕಿದೆ. ರೂಮಿನ ಮಂಚಕ್ಕೆ ಒಗೆದ ಹಾಸು ಹಾಸಿದೆ. ಮಿಷಿನ್ನಿಗೆ ಅಂತ ಪ್ಲಗ್ಗಿನ ಪಕ್ಕ ಸ್ಟೂಲು ಇಟ್ಟೆ. ಬಾಲ್ಕನಿಗೆ ಹೋಗೋದು, ಬೆಂಚು ನೋಡೋದು, ಒಳಗೆ ಬರೋದು. ಮತ್ತೆ ಹೋಗೋದು.

"ಒಂದು ಕಡೆ ಕೂತ್ಕೊಳೇ, ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ," ಅಂದರು ಯಜಮಾನರು.

ಮಧ್ಯಾಹ್ನ ಊಟದ ಹೊತ್ತಿಗೆ ನೀರು ಬೆಂಚು ಮುಟ್ಟಿತು. ಮೆಸೇಜ್ ಹಾಕಿದೆ: 'ಕೆಳಮನೆಯವರೆಲ್ಲ ತಮ್ಮ ತಮ್ಮ ಮಹಡಿ ಮನೆಗೆ ಹೊರಡಿ.' ಎಲ್ಲರದ್ದೂ ನೀಲಿ ಟಿಕ್ ಬಂತು. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ! ಎಲ್ಲರೂ ಕಿಟಕಿಯಿಂದ ಇಣುಕುತ್ತಿದ್ದಾರೆ, ಯಾರೂ ಹೊರಡುತ್ತಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಇವರೆಲ್ಲ ಹೊಟ್ಟೆಗೆ ಅನ್ನ ತಿನ್ನಲ್ವಾ ಅಂತ ಒಬ್ಬಳೇ ಕೂಗಾಡಿದೆ.

ಆಗಲೇ ಎದುರುಮನೆಯಾಕೆ ಕೊಡೆ ಹಿಡಿದು ಗೇಟಿನ ತನಕ ಬಂದರು. ತಲೆ ಎತ್ತಿ ನಮ್ಮ ಬಾಲ್ಕನಿ ನೋಡಿದರು. ನಾನು ಅಲ್ಲೇ ನಿಂತಿದ್ದೆ. ಕಣ್ಣಿಗೆ ಕಣ್ಣು ಸಿಕ್ಕಿತು. 'ಬನ್ನಿ' ಅನ್ನೋ ಒಂದು ಮಾತು ಸಾಕಾಗಿತ್ತು, ಕೈ ಸನ್ನೆಯಾದರೂ ಆಗುತ್ತಿತ್ತು. ನಾನು ತುಳಸಿ ಕುಂಡ ಸರಿಮಾಡುವವಳ ಹಾಗೆ ಬಗ್ಗಿಬಿಟ್ಟೆ. ಎದ್ದು ನೋಡಿದಾಗ ಅವರು ಒಳಗೆ ಹೋಗಿಯಾಗಿತ್ತು.

"ಹೋಗಿ ಕರ್ಕೊಂಡ್ ಬಾರೇ," ಅಂದರು ಯಜಮಾನರು. ಅವರ ಮಂಡಿ ಆಪರೇಷನ್ ಆಗಿ ತಿಂಗಳಾಗಿತ್ತಷ್ಟೇ, ಇಲ್ಲದಿದ್ದರೆ ಅವರೇ ಇಳಿದು ಹೋಗುತ್ತಿದ್ದರು.

"ಮೆಸೇಜ್ ಹಾಕಿದ್ದೀನಲ್ಲ! ಪ್ಲಾನಿನಲ್ಲಿ ಬರೆದಿದೆಯಲ್ಲ! ಇನ್ನೇನು ಆರತಿ ಎತ್ತಿ ಕರೀಬೇಕಾ?"

ಫೋನ್ ಕೈಯಲ್ಲೇ ಇತ್ತು. ಮಾಡಿದರೆ ನಾನೇ ಮೊದಲು ಮಾತಾಡಿಸಿದ ಹಾಗಾಗುತ್ತಲ್ಲ ಅಂತ ಮತ್ತೆ ಟೇಬಲ್ಲಿನ ಮೇಲಿಟ್ಟೆ. ಹೇಳೋಕೆ ನಾಚಿಕೆಯಾಗುತ್ತೆ, ಆದರೆ ಹಾಗೇ ಮಾಡಿದೆ.

ಮೂರು ಗಂಟೆ ದಾಟುವಾಗ ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಕೀಂ ಅಂದು ಹತ್ತಿಕೊಂಡಿತು. ನೆಲದ ಮೇಲಿನ ಯುಪಿಎಸ್ಸಿಗೆ ನೀರು ತಾಗೀತು ಅಂತ ಮೊದಲೇ ಆಫ್ ಮಾಡಿದ್ದರೇನೋ, ಎದುರುಮನೆ ಕಿಟಕಿ ಕತ್ತಲಾಯಿತು. ನಾನು ಗಡಿಯಾರ ನೋಡುತ್ತಾ ನಿಂತೆ. ಸಿಲಿಂಡರ್ ಈಗ ಶುರುವಾಗಿರುತ್ತೆ. ಅರ್ಧ ಗಂಟೆ. ಮುಕ್ಕಾಲು. ಒಂದು ಗಂಟೆಯಾಯಿತು, ನೀರು ಅವರ ಮೆಟ್ಟಿಲು ದಾಟಿ ಬಾಗಿಲಿನ ಒಳಗೆ ನುಗ್ಗೋದು ಕಣ್ಣಾರೆ ಕಂಡಿತು. ಅಯ್ಯೋ ಶಿವನೇ, ನಾನೇನು ಮಾಡ್ತಾ ಇದ್ದೀನಿ ಅನ್ನಿಸಿತು. ಸೀರೆ ಎತ್ತಿ ಸಿಕ್ಕಿಸಿ ಇಳಿದೆ.

ಮೊಣಕಾಲು ಮುಳುಗುವ ಕಂದು ನೀರು. ಕಾಲಿಗೆ ಏನೇನೋ ತಾಗುತ್ತೆ. ಮೂಲೆಯ ಇಸ್ತ್ರಿ ಅಂಗಡಿಯಣ್ಣನನ್ನು ಕೂಗಿದೆ, ಅವನು ಇನ್ನಿಬ್ಬರನ್ನು ಕೂಗಿದ. ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಅವರ ಯಜಮಾನರು ದಿಂಬಿಗೆ ಒರಗಿ ಬಾಯಿ ತೆರೆದುಕೊಂಡು ಉಸಿರು ಎಳೆಯುತ್ತಿದ್ದರು. ತುಟಿ ಕಪ್ಪಿಟ್ಟಿತ್ತು. ಸಿಲಿಂಡರಿನ ಮುಳ್ಳು ಕೆಂಪು ಪಟ್ಟಿಗೆ ಇಳಿದಿತ್ತು. ಆಕೆ ಅವರ ಎದೆ ಸವರುತ್ತಾ ನಿಂತಿದ್ದರು.

"ಬನ್ನಿ ರೀ," ಅಂದೆ. "ನಮ್ಮನೆಗೆ ಬನ್ನಿ."

"ಬಂದೆ," ಅಂದರು ಆಕೆ. ಒಂದು ಕ್ಷಣವೂ ಯೋಚಿಸಲಿಲ್ಲ. ಟೇಬಲ್ಲಿನ ಮೇಲೆ ಬ್ಯಾಗು ರೆಡಿ ಇತ್ತು. ಅದಕ್ಕೆ ನನ್ನ ಪ್ರಿಂಟನ್ನೇ ಪಿನ್ ಮಾಡಿದ್ದರು, ಮಾತ್ರೆ, ಆಧಾರ್, ಟಾರ್ಚು ಎಲ್ಲದರ ಮುಂದೆಯೂ ಪೆನ್ನಿನಲ್ಲಿ ಗುರುತು. ಮಿಷಿನ್ನನ್ನು ಕಂಬಳಿಯಲ್ಲಿ ಸುತ್ತಿ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದರು.

ಮೂರು ಜನ ಅವರ ಯಜಮಾನರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡರು. ನಮ್ಮ ಮೆಟ್ಟಿಲು ಹತ್ತುವಾಗ ಅವರ ಕತ್ತು ಒಂದು ಕಡೆ ವಾಲಿತು. ಆಗ ನಾನು ಯಾವ ಯಾವ ದೇವರಿಗೆ ಹರಕೆ ಹೊತ್ತೆನೋ ಈಗ ಜ್ಞಾಪಕವಿಲ್ಲ. ಮಿಷಿನ್ ಹಾಕಿ, ನಳಿಕೆ ಮೂಗಿಗೆ ಸಿಕ್ಕಿಸಿ ಹತ್ತು ನಿಮಿಷವಾದ ಮೇಲೆ ತುಟಿಯ ಬಣ್ಣ ತಿರುಗಿತು. ಕಣ್ಣು ಬಿಟ್ಟು ನನ್ನ ಕಡೆ ನೋಡಿ ಕೈ ಜೋಡಿಸಲು ಹೋದರು. ನಾನು ಆ ಕೈ ಹಿಡಿದು ಕೆಳಗಿಟ್ಟೆ.

ಹೆದರಿಕೆ ಇಳಿದ ಕೂಡಲೇ ನನ್ನ ಹಾಳು ಕೋಪ ತಲೆ ಎತ್ತಿತು. "ಅಲ್ಲಾ ರೀ, ಬ್ಯಾಗ್ ಯಾವಾಗ ರೆಡಿ ಮಾಡಿದ್ರಿ?"

"ಬೆಳಗ್ಗೆನೇ."

"ಮತ್ತೆ? ನನ್ನ ಮೆಸೇಜ್ ನೋಡ್ಲಿಲ್ವಾ?"

"ನೋಡ್ದೆ," ಅಂದರು ಆಕೆ. ಒದ್ದೆ ಸೆರಗು ಹಿಂಡುತ್ತಾ ಮೆಲ್ಲಗೆ ಹೇಳಿದರು, ಚುಚ್ಚುವ ದನಿಯೇ ಅಲ್ಲ. "ಅದು ಎಲ್ರಿಗೂ ಹಾಕಿದ್ದಲ್ವಾ. ನಮ್ಮನ್ನ ಕರೀತೀರೋ ಇಲ್ವೋ ಗೊತ್ತಾಗ್ಲಿಲ್ಲ."

ನಾನು ಅಡಿಗೆಮನೆಗೆ ಹೋದೆ. ಬೆಳಗ್ಗೆ ಅವರಿಬ್ಬರಿಗೂ ಸೇರಿಸಿ ಇಳಿಸಿದ್ದ ಡಿಕಾಕ್ಷನ್ ಹಾಗೇ ಇತ್ತು, ತಣ್ಣಗೆ. ಹಾಲು ಕಾಯಿಸೋಕೆ ಇಟ್ಟು ಸ್ಟವ್ ಮುಂದೆ ನಿಂತು ಅತ್ತೆ. ಆಮೇಲೆ ಕಾಫಿ ಬೆರೆಸಿ, ಕುಂಕುಮದ ಭರಣಿಯನ್ನೂ ಜೊತೆಗೆ ತಂದೆ.

ಆ ದಿನ ಉಳಿದ ಕೆಳಮನೆಯವರೂ ಮೇಲಿನವರು ಬಂದು ಕರೆಯಲಿ ಅಂತಲೇ ಕಾದು, ಕರೆದ ಮೇಲೆಯೇ ಹೊರಟರಂತೆ. ಈಗ ನನ್ನ ಪ್ರಿಂಟಿನಲ್ಲಿ ಇನ್ನೊಂದು ಕಾಲಂ ಇದೆ: 'ಹೋಗಿ ಕರೆಯುವವರು.' ಎದುರುಮನೆಯ ಸಾಲಿನಲ್ಲಿ ನನ್ನ ಹೆಸರಿದೆ. ನೀರು ಬೆಂಚು ಮುಟ್ಟೋ ತನಕ ನಾನು ಕಾಯಲ್ಲ. ಮೋಡ ಕಟ್ಟಿದರೆ ಸಾಕು, ಚಪ್ಪಲಿ ಮೆಟ್ಟಿ ರಸ್ತೆ ದಾಟುತ್ತೀನಿ.