ಡ್ರಿಲ್ ಆದಮೇಲೆ ಟ್ಯಾಪ್

ಬ್ಯಾಂಕಾಕ್ ಪಕ್ಕದ ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಯಂತ್ರ ನಡೆಸುವ ವಿಚಿಯನ್‌ನದು ಒಂದೇ ಹಟ: ಲೋಹದ ಪ್ಲೇಟಿನ ತೂತುಗಳನ್ನೆಲ್ಲ ಕೊರೆದ ಮೇಲೇ ಡ್ರಿಲ್ ಕಳಚಿ, ತೂತಿನೊಳಗೆ ಬೋಲ್ಟ್ ಕೂರುವ ಸುರುಳಿ ಗೀರು ಕೊರೆಯುವ ಟ್ಯಾಪ್ ಹಾಕಬೇಕು, ಎಲ್ಲಕ್ಕೂ ಒಟ್ಟಿಗೆ ಥ್ರೆಡ್ ಹೊಡೆಯಬೇಕು. ತೂತಿಗೊಮ್ಮೆ ಟೂಲ್ ಬದಲಿಸುವವರನ್ನು ಕಂಡರೆ ಅವನಿಗೆ ಮೈಯುರಿ.

ಬೆಳಗ್ಗೆ ಮನೆಯ ಮುಂದೆ ಹಾದುಹೋಗುವ ಬೌದ್ಧ ಭಿಕ್ಕುಗಳಿಗೆ ಭಿಕ್ಷೆ ಹಾಕುವಾಗಲೂ ಅದೇ ಚಾಳಿ. ಒಂದು ದಿನ ಸಾಲಾಗಿ ಬಂದ ಭಿಕ್ಕುಗಳಿಗೆಲ್ಲ ಮೊದಲು ಅನ್ನ ಬಡಿಸಿದ. ಸೌಟಿಟ್ಟು ಸಾರಿನ ಪೊಟ್ಟಣ ಎತ್ತಿಕೊಳ್ಳುವಷ್ಟರಲ್ಲಿ ಸಾಲು ತಿರುವು ದಾಟಿತ್ತು. ಬರಿಗಾಲಲ್ಲೇ ಓಡಿದ.

“ನಿನ್ನ ತೂತುಗಳು ನಿಂತಲ್ಲೇ ಇರ್ತವೆ ಮಗಾ, ನಾವು ನಡೀತೀವಿ,” ಎಂದರು ಹಿರಿಯ ಭಿಕ್ಕು.

ವಿಚಿಯನ್‌ಗೆ ತಪ್ಪು ಹೊಳೆಯಿತು. ಮರುದಿನ ಮನೆಯ ಮುಂದೆ ಸಾಲಾಗಿ ಸ್ಟೂಲುಗಳನ್ನಿಟ್ಟು ನೆಲಕ್ಕೆ ಬಿಗಿದ.

“ಭಿಕ್ಕುಗಳನ್ನ ಬಿಗಿಯೋಕೆ ಬೋಲ್ಟ್ ತರ್ಲಿಲ್ವಾ?” ಎಂದು ಹೆಂಡತಿ ಕುಟುಕಿದಳು.

“ಮೊದಲು ಎಲ್ಲರೂ ಕೂತ್ಕೊಳ್ಲಿ,” ಎಂದ ವಿಚಿಯನ್. “ಬೋಲ್ಟ್ ಆಮೇಲೆ, ಎಲ್ಲರಿಗೂ ಒಟ್ಟಿಗೆ.”